ಫ್ಲಾಮಿನಿಯಾ, 2600 ಸ್ಪ್ರಿಂಟ್, ಡೀನೋ: ಓಡಿಸಿದ್ದು ಮೂರು, ಉಳಿಸಿಕೊಂಡಿದ್ದು ಲಾಂಚಾ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಫ್ಲಾಮಿನಿಯಾಗೆ. ಲಾಂಚಾ ಫ್ಲಾಮಿನಿಯಾ ಕೂಪೆ, ಪಿನಿನ್‌ಫರೀನಾ ಕಟ್ಟಿದ ಬಾಡಿ, 2.5 ಲೀಟರ್ ಎಂಜಿನ್. ಕೆಲಸಕ್ಕೆಂದು ಟುರಿನ್‌ಗೆ ಬಂದು ಇಲ್ಲೇ ಉಳಿದವನು ನಾನು. ಅರವತ್ತರ ದಶಕದ ಇಟಲಿಯ ಗ್ರಾನ್ ಟುರಿಸ್ಮೋ, ಅಂದರೆ ದೂರದ ಓಟಕ್ಕೆ ಮಾಡಿದ ವೇಗದ ಕಾರೊಂದು ಬೇಕು ಅಂತ ಹುಡುಕಲು ಹೊರಟಾಗ ನನ್ನ ಜೇಬಿಗೆ ಹೊಂದುವಂತೆ ಕಂಡಿದ್ದು ಮೂರೇ: ಈ ಫ್ಲಾಮಿನಿಯಾ, ಬೆರ್ತೋನೆ ಬಾಡಿಯ ಆಲ್ಫಾ ರೋಮಿಯೋ 2600 ಸ್ಪ್ರಿಂಟ್, ಮತ್ತು ಫಿಯಟ್ ಡೀನೋ ಕೂಪೆ 2.4. ಆಲ್ಫಾ ನನ್ನ ಸ್ನೇಹಿತನದು, ಒಂದು ಬೇಸಿಗೆ ಪೂರ್ತಿ ನನ್ನ ಕೈಯಲ್ಲಿತ್ತು. ಡೀನೋವನ್ನು ಮಾರುವವರು ಒಂದು ವಾರಾಂತ್ಯಕ್ಕೆ ನಂಬಿ ಕೊಟ್ಟಿದ್ದರು. ಫ್ಲಾಮಿನಿಯಾ ಮನೆಗೆ ಬಂತು, ಇಲ್ಲೇ ಇದೆ.

ಮೂರನ್ನೂ ಒಟ್ಟಿಗೆ ಇಟ್ಟು ನೋಡುವುದಕ್ಕೆ ಬೆಲೆಯೊಂದೇ ಕಾರಣ ಅಲ್ಲ. ಈ ಮೂರೂ ಎಂಜಿನ್‌ಗಳ ಹಿಂದೆ ಒಬ್ಬರೇ ಮನುಷ್ಯರ ನೆರಳಿದೆ, ವಿತ್ತೋರಿಯೋ ಯಾನೊ. 1920ರ ದಶಕದಲ್ಲಿ ಫಿಯಟ್ ಬಿಟ್ಟು ಆಲ್ಫಾಕ್ಕೆ ಹೋಗಿ, ಆರು ಸಿಲಿಂಡರಿನ 6ಸಿ ಕಾರುಗಳನ್ನು ಮಾಡಿದವರು. ಆಲ್ಫಾದಲ್ಲಿ ಸಾಲಾಗಿ ಆರು ಸಿಲಿಂಡರ್, ಮೇಲೆ ಎರಡು ಕ್ಯಾಮ್‌ಶಾಫ್ಟ್ ಅನ್ನುವ ಪರಂಪರೆ ಅಲ್ಲಿಂದ ಬಂತು. 2600 ಅದರ ಕೊನೆಯ ಕೊಂಡಿ. ಆಮೇಲೆ ಅವರು ಲಾಂಚಾಕ್ಕೆ ಬಂದರು. ಅವರ ಕೈಕೆಳಗೆ ಫ್ರಾಂಚೆಸ್ಕೊ ದೆ ವಿರ್ಜೀಲಿಯೊ ರೂಪಿಸಿದ ವಿ6 ಎಂಜಿನ್ (ಆರು ಸಿಲಿಂಡರ್, ಇಂಗ್ಲಿಷ್ ವಿ ಆಕಾರದಲ್ಲಿ ಎರಡು ಸಾಲು) 1950ರಲ್ಲಿ ಆರೇಲಿಯಾ ಕಾರಿನಲ್ಲಿ ಬಂತು. ಸಾಲುಸಾಲಾಗಿ ತಯಾರಾಗಿ ಮಾರಾಟವಾದ ಮೊದಲ ವಿ6 ಅದು. ಫ್ಲಾಮಿನಿಯಾದ ಎಂಜಿನ್ ಅದೇ ವಂಶದ್ದು. ಕೊನೆಗೆ ಫೆರಾರಿ. ಅಲ್ಲಿ ಎಂಜೋ ಫೆರಾರಿಯವರ ಮಗ ಆಲ್ಫ್ರೆದೊ ಜೊತೆ ಇನ್ನೊಂದು ವಿ6 ಶುರು ಮಾಡಿದರು. ಮನೆಯವರು ಡೀನೋ ಅಂತ ಕರೆಯುತ್ತಿದ್ದ ಆ ಹುಡುಗ 1956ರಲ್ಲಿ, 24ನೇ ವಯಸ್ಸಿಗೇ ತೀರಿಕೊಂಡ. ಎಂಜಿನ್‌ಗೆ ಅವನ ಹೆಸರು ಉಳಿಯಿತು. ಫಾರ್ಮುಲಾ 2 ರೇಸಿಗೆ ಆ ಎಂಜಿನ್ ಹಾಕಬೇಕಾದರೆ 500 ಕಾರುಗಳಲ್ಲಾದರೂ ಅದು ಇರಬೇಕು ಅನ್ನುವ ನಿಯಮ ಬಂತು. ಅಷ್ಟು ಕಾರು ಮಾಡುವ ಶಕ್ತಿ ಆಗ ಫೆರಾರಿಗೆ ಇರಲಿಲ್ಲ, ಫಿಯಟ್‌ಗೆ ಇತ್ತು. ಫಿಯಟ್ ಡೀನೋ ಹುಟ್ಟಿದ್ದು ಹಾಗೆ.

ಇನ್ನು ಫ್ಲಾಮಿನಿಯಾದ ತಲೆನೋವು. ಇದೊಂದನ್ನು ಮಾತ್ರ ಬಿಡಿಸಿ ಹೇಳಲೇಬೇಕು.

ಈ ಕಾರಿನಲ್ಲಿ ಎಂಜಿನ್ ಮುಂದಿದೆ. ಕ್ಲಚ್, ಗೇರ್‌ಬಾಕ್ಸ್, ಡಿಫರೆನ್ಷಿಯಲ್ ಮೂರೂ ಒಂದೇ ಪೆಟ್ಟಿಗೆಯಾಗಿ ಹಿಂದಿವೆ. ಹಿಂದಿನ ಬ್ರೇಕ್ ಡಿಸ್ಕ್‌ಗಳು ಚಕ್ರದ ಹತ್ತಿರ ಇಲ್ಲ, ಈ ಪೆಟ್ಟಿಗೆಯ ಎರಡೂ ಪಕ್ಕಕ್ಕೆ ಅಂಟಿಕೊಂಡಿವೆ. ಚಕ್ರದ ಮೇಲೆ ಭಾರ ಕಡಿಮೆ, ತೂಕ ಮುಂದಕ್ಕೂ ಹಿಂದಕ್ಕೂ ಸಮ. ರಸ್ತೆಯಲ್ಲಿ ಇದರ ಸುಖ ಗೊತ್ತಾಗುತ್ತದೆ. ಆದರೆ ಗೇರ್‌ಬಾಕ್ಸ್‌ನಿಂದ ಆ್ಯಕ್ಸಲ್ ಹೊರಬರುವ ಜಾಗದಲ್ಲಿರುವ ಆಯಿಲ್ ಸೀಲ್ ಸ್ವಲ್ಪ ಸೋತರೂ ಸಾಕು, ಎಣ್ಣೆ ನೇರ ಡಿಸ್ಕ್ ಮೇಲೆ.

ಸೆಸ್ತ್ರಿಯೆರೆ ಘಟ್ಟದಿಂದ ಪಿನೆರೋಲೊ ಕಡೆ ಇಳಿಯುವಾಗ ಸುಟ್ಟ ಗೇರ್ ಎಣ್ಣೆಯ ವಾಸನೆ ಬಂತು. ಬ್ರೇಕ್ ಒತ್ತಿದರೆ ಕಾರು ಕೊಂಚ ಎಡಕ್ಕೆ ವಾಲುತ್ತಿತ್ತು. ಇಲ್ಲಿ ಎರಡು ವರ್ಷಕ್ಕೊಮ್ಮೆ ಸರ್ಕಾರಿ ತಪಾಸಣೆ ಇರುತ್ತದೆ, ರೆವಿಜಿಯೋನೆ ಅಂತ. ಅಲ್ಲಿ ಹಿಂದಿನ ಚಕ್ರಗಳನ್ನು ರೋಲರ್ ಮೇಲೆ ನಿಲ್ಲಿಸಿ ಬ್ರೇಕ್ ಅಳೆದರು. ಎಡಗಡೆ ಚೆನ್ನಾಗಿ ಹಿಡಿಯುತ್ತಿತ್ತು, ಬಲಗಡೆ ಅದರ ಅರ್ಧವೂ ಇಲ್ಲ. ಫೇಲ್.

ಒಂದು ಗ್ಯಾರೇಜಿನವರು ಸೀಲ್ ಬದಲಿಸಿದರು. ಸ್ವಲ್ಪ ದಿನ ಸರಿಯಿತ್ತು, ಮತ್ತೆ ಅದೇ ವಾಸನೆ. ಮತ್ತೆ ಬದಲಿಸಿದರು, ಮತ್ತೆ ಸೋರಿತು. ಪ್ರತಿ ಸಲವೂ ಹೊಸ ಬ್ರೇಕ್ ಪ್ಯಾಡ್ ಬೇಕು, ಯಾಕೆಂದರೆ ಎಣ್ಣೆ ಕುಡಿದ ಪ್ಯಾಡ್ ಅನ್ನು ಎಷ್ಟು ತೊಳೆದರೂ ಬಿಸಿಯಾದಾಗ ಎಣ್ಣೆ ಹೊರಗೆ ಬರುತ್ತದೆ. "ಹಳೇ ಲಾಂಚಾ ಅಂದ್ರೆ ಹೀಗೇನೇ" ಅಂತ ಅವರು ಕೈ ಚೆಲ್ಲಿದರು. ಈ ಮಾತು ನನಗೆ ಈಗಲೂ ಸಿಟ್ಟು ತರಿಸುತ್ತದೆ. ಇಷ್ಟು ಜಾಗ್ರತೆಯಿಂದ ಮಾಡಿದ ಯಂತ್ರ ಸುಮ್ನೆ ಸೋರುವುದಿಲ್ಲ.

ಕೊನೆಗೆ ಕಾರು ಹೋಗಿದ್ದು ಹುಡುಗನಾಗಿದ್ದಾಗಿಂದ ಲಾಂಚಾಗಳನ್ನೇ ರಿಪೇರಿ ಮಾಡಿದ ಹಿರಿಯ ಮೆಕ್ಯಾನಿಕ್ ಒಬ್ಬರ ಹತ್ತಿರ. ಡಿಸ್ಕ್ ಬಿಚ್ಚಿ, ಅದರ ಹಿಂದಿನ ಫ್ಲಾಂಜ್ (ಡಿಸ್ಕ್ ಕೂರುವ ಉಕ್ಕಿನ ತುಂಡು) ಎಳೆದು ಒರೆಸಿ, ನನ್ನ ಕೈಗೆ ಕೊಟ್ಟರು. ಸೀಲಿನ ರಬ್ಬರ್ ತುಟಿ ಉಜ್ಜುವ ಕಡೆ ಸುತ್ತಲೂ ಒಂದು ಸಣ್ಣ ಗೆರೆ. ಕಣ್ಣಿಗೆ ಬರೀ ಹೊಳಪಿನ ಪಟ್ಟಿ. ಉಗುರಿನಿಂದ ಸವರಿದರೆ ಮಾತ್ರ ಟಕ್ ಅಂತ ತಡೆಯುತ್ತಿತ್ತು. ಅರವತ್ತು ವರ್ಷ ರಬ್ಬರ್ ಉಜ್ಜಿ ಉಕ್ಕೇ ಸವೆದಿತ್ತು. ಎಷ್ಟು ಹೊಸ ಸೀಲ್ ಹಾಕಿದರೂ ಆ ಗೆರೆಯಲ್ಲೇ ಕೂರುತ್ತದೆ, ಎಣ್ಣೆ ದಾರಿ ಮಾಡಿಕೊಳ್ಳುತ್ತದೆ. ಅವರು ಅದರ ಮೇಲೆ ತೆಳುವಾದ ಸ್ಟೀಲ್ ತೋಳು, ಅಂದರೆ ಬಳೆಯಂಥ ಕವಚ, ಏರಿಸಿದರು. ಆಮೇಲೆ ಗೇರ್‌ಬಾಕ್ಸ್ ನೆತ್ತಿಯ ಮೇಲಿನ ಗಾಳಿ ಕಿಂಡಿ ತೋರಿಸಿದರು. ಮಣ್ಣು, ಜಿಡ್ಡು ಸೇರಿ ಪೂರ್ತಿ ಕಟ್ಟಿತ್ತು. ಘಟ್ಟದಲ್ಲಿ ಬಿಸಿ ಏರಿದಾಗ ಒಳಗಿನ ಗಾಳಿಗೆ ಹೋಗಲು ಬೇರೆ ದಾರಿ ಇಲ್ಲ, ಸೀಲಿನ ಪಕ್ಕದಿಂದಲೇ ಎಣ್ಣೆಯನ್ನು ದೂಡುತ್ತಿತ್ತು. ಕಿಂಡಿ ತೊಳೆದದ್ದಕ್ಕೆ ಅವರು ದುಡ್ಡೂ ತೆಗೆದುಕೊಳ್ಳಲಿಲ್ಲ. ಅಂದಿನಿಂದ ಡಿಸ್ಕ್ ಒಣಗಿದೆ.

ಆಲ್ಫಾದಲ್ಲಿ ಈ ಗೋಳಿಲ್ಲ. ಗೇರ್‌ಬಾಕ್ಸ್ ಇರಬೇಕಾದ ಜಾಗದಲ್ಲೇ ಇದೆ, ಐದು ಗೇರ್. ಫ್ಲಾಮಿನಿಯಾಕ್ಕೆ ನಾಲ್ಕೇ, ಆಟೋಸ್ಟ್ರಾಡಾದಲ್ಲಿ (ಇಲ್ಲಿನ ಎಕ್ಸ್‌ಪ್ರೆಸ್ ಹೆದ್ದಾರಿ) ಐದನೆಯದು ಇದ್ದಿದ್ದರೆ ಅಂತ ನನಗೂ ಅನ್ನಿಸುತ್ತದೆ. ಆಲ್ಫಾದ ಎಂಜಿನ್ 2584 ಸಿಸಿ, 145 ಅಶ್ವಶಕ್ತಿ. ಫ್ಲಾಮಿನಿಯಾದ 119ರ ಮುಂದೆ ಇದು ಜಾಸ್ತಿನೇ. ಬಾಡಿ ಕಟ್ಟುವ ಬೆರ್ತೋನೆ ಕಂಪನಿಯಲ್ಲಿದ್ದಾಗ ವಿನ್ಯಾಸಕಾರ ಜುಜಾರೋ ಬರೆದ ಗೆರೆಗಳು, ಆಗ ಅವರಿಗೆ ಇಪ್ಪತ್ತು ದಾಟಿತ್ತಷ್ಟೇ. ಚೆಂದದ ಕಾರು, ಅದರಲ್ಲಿ ಎರಡು ಮಾತಿಲ್ಲ.

ಆದರೆ ಮೂಗು ಭಾರ. ಉದ್ದನೆಯ ಎಂಜಿನ್ ಪೂರ್ತಿ ಮುಂದೆಯೇ ಕೂತಿದೆ. ಲಾಂಗೆ ಬೆಟ್ಟಗಳ ದ್ರಾಕ್ಷಿ ತೋಟಗಳ ನಡುವೆ ತಿರುವಿನ ಮೇಲೆ ತಿರುವು ಬರುವಾಗ ತೋಳು ಸೋತುಹೋಗುತ್ತದೆ. ಎರಡೆರಡು ಬಾಯಿಯ ಮೂರು ಸೋಲೆಕ್ಸ್ ಕಾರ್ಬ್ಯುರೇಟರ್‌ಗಳು ಒಂದೇ ಲಯಕ್ಕೆ ಬರುವುದು ಕಷ್ಟ. ಬೆಳಿಗ್ಗೆ ಹೊಂದಿಸಿದ್ದು ಮಧ್ಯಾಹ್ನದ ಬಿಸಿಲಿಗೆ ಬೇರೆ ರಾಗ ಹಾಡುತ್ತದೆ. ಇನ್ನು ತುಕ್ಕು. ಸ್ನೇಹಿತನ ಕಾರಿನ ಕಾರ್ಪೆಟ್ ಎತ್ತಿದರೆ ನೆಲದ ತಗಡಿನಲ್ಲಿ ರಸ್ತೆ ಕಾಣುತ್ತಿತ್ತು. ಆಲ್ಫಾದ್ದೇ ಜೂಲಿಯಾ ಕಾರಿಗೆ ಎಲ್ಲಾ ತಗಡೂ ಹೊಸದಾಗಿ ಸಿಗುತ್ತದೆ, 2600ಕ್ಕೆ ಹುಡುಕಿ ಸಾಯಬೇಕು. ಒಟ್ಟು ತಯಾರಾಗಿದ್ದೇ ಸುಮಾರು 7,000.

ಡೀನೋ ಬಗ್ಗೆ ಚಿಕ್ಕದಾಗಿ. 180 ಅಶ್ವಶಕ್ತಿ. ಎಂಜಿನ್ ಐದು ಸಾವಿರ ಸುತ್ತು ದಾಟಿದಾಗ ಬರುವ ಕೂಗನ್ನು ಒಮ್ಮೆ ಕೇಳಿದರೆ ಮರೆಯಲು ಆಗುವುದಿಲ್ಲ. ಮೂರರಲ್ಲಿ ಓಡಿಸಲು ಅತಿ ಖುಷಿ ಕೊಡುವುದು ಇದೇ. ಆದರೆ ಇದೇ ಎಂಜಿನ್ ಫೆರಾರಿಯ ಡೀನೋ 246ರಲ್ಲೂ, ಲಾಂಚಾ ಸ್ತ್ರಾತೊಸ್‌ನಲ್ಲೂ ಇದೆ. ಹಾಗಾಗಿ ಬಿಡಿಭಾಗದ ಅಂಗಡಿಯವರು ಫೆರಾರಿ ದರವನ್ನೇ ಹೇಳುತ್ತಾರೆ. ಎಂಜಿನ್ ಬಿಚ್ಚಿ ಕಟ್ಟಿಸಲು ಎಷ್ಟಾಗುತ್ತದೆ ಅಂತ ವಿಚಾರಿಸಿದೆ. ಆ ದುಡ್ಡಿಗೆ ಇನ್ನೊಂದು ಕಾರೇ ಬರುತ್ತಿತ್ತು. ಡೀನೋಪ್ಲೆಕ್ಸ್ ಅನ್ನುವ ಆ ಕಾಲದ ಎಲೆಕ್ಟ್ರಾನಿಕ್ ಇಗ್ನಿಷನ್ ಪೆಟ್ಟಿಗೆ ಕೆಟ್ಟರೆ ಕೆಟ್ಟ ಜಾಗದಲ್ಲೇ ಕೂರಬೇಕು. ತಿಂಗಳ ಸಂಬಳ ನಂಬಿದವರಿಗೆ ಆಗುವ ಮಾತಲ್ಲ.

ಪೆಟ್ರೋಲ್: ಮೂರೂ ಚೆನ್ನಾಗಿ ಕುಡಿಯುತ್ತವೆ. ರಸ್ತೆ ತೆರಿಗೆ: 30 ವರ್ಷ ದಾಟಿದ ಕಾರುಗಳಿಗೆ ಇಲ್ಲಿ ವಿನಾಯ್ತಿ ಇದೆ, ಆ ವಿಷಯದಲ್ಲಿ ಮೂರೂ ಒಂದೇ.

ಹಿಂದಿನ ಸೀಟು ನನಗೆ ದೊಡ್ಡ ವಿಷಯ. ಊರಿಂದ ಅಪ್ಪ ಅಮ್ಮ ಬಂದಾಗ ಅವರನ್ನು ಕೂರಿಸಿಕೊಂಡು ಲಿಗೂರಿಯಾದ ಸಮುದ್ರ ತೀರಕ್ಕೆ ಹೋಗಬೇಕು. ಫ್ಲಾಮಿನಿಯಾ ಕೂಪೆಯ ಚಕ್ರಾಂತರ, ಅಂದರೆ ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗಿನ ದೂರ, 2750 ಮಿಲಿಮೀಟರ್. ಆಲ್ಫಾದ್ದು 2580, ಡೀನೋದ್ದು 2550. ಕಾಗದದ ಮೇಲೆ ಇದು ಒಂದು ಗೇಣಿನ ಲೆಕ್ಕ, ಆದರೆ ಅಮ್ಮನ ಮಂಡಿಗೆ ಆ ಗೇಣೇ ಮುಖ್ಯ. ಅಪ್ಪ ವರ್ಷಗಟ್ಟಲೆ ಪ್ರೀಮಿಯರ್ ಪದ್ಮಿನಿ ಓಡಿಸಿದವರು. ಅದೂ ಫಿಯಟ್ 1100ರ ಮಗುವೇ ಅಲ್ವಾ. ಫ್ಲಾಮಿನಿಯಾ ಬಾಗಿಲು ಹಾಕಿದ ಸದ್ದು ಕೇಳಿ, ಇನ್ನೊಮ್ಮೆ ತೆಗೆದು ಹಾಕಿದರು.

ಕಾರಿನ ಹಿಂದಿನ ಕಥೆ ಹುಡುಕುವುದರಲ್ಲೂ ಫ್ಲಾಮಿನಿಯಾ ನನ್ನನ್ನು ಗೆದ್ದಿತು. ಇಟಲಿಯಲ್ಲಿ 1927ರಿಂದ ಪಿಆರ್‌ಎ ಅನ್ನುವ ವಾಹನ ನೋಂದಣಿ ದಾಖಲೆ ಇದೆ. ಅಲ್ಲಿ ಎಸ್ತ್ರಾತ್ತೊ ಕ್ರೊನೊಲೋಜಿಕೊ ಕೇಳಿದರೆ ಕಾರು ಯಾರಿಂದ ಯಾರ ಕೈಗೆ, ಯಾವಾಗ ಹೋಯಿತು ಅನ್ನುವ ಪಟ್ಟಿ ಕೊಡುತ್ತಾರೆ. ಹಿಂದೆ ಬೇರೆ ಪ್ರಾಂತ್ಯಕ್ಕೆ ಹೋದ ಕಾರಿಗೆ ಹೊಸ ನಂಬರ್ ಪ್ಲೇಟ್ ಹಾಕುತ್ತಿದ್ದರು. ಹಾಗಾಗಿ ಪಟ್ಟಿ ಅಲ್ಲಿಗೆ ತುಂಡಾಗುತ್ತದೆ, ಹಳೆಯ ನಂಬರ್ ಹಿಡಿದು ಮತ್ತೆ ಕೇಳಬೇಕು. ನನ್ನ ಕಾರಿನದು ಟುರಿನ್‌ನ ಮೂಲ ಕಪ್ಪು ಪ್ಲೇಟೇ ಉಳಿದಿದೆ. ಇಂಥದ್ದು ಕಂಡರೆ ಸ್ವಲ್ಪ ದುಡ್ಡು ಜಾಸ್ತಿ ಕೊಟ್ಟರೂ ನಷ್ಟವಿಲ್ಲ.

ಕಾರ್ಖಾನೆ ಕಡೆಯ ದಾಖಲೆ ಬೇರೆ. ಲಾಂಚಾ, ಫಿಯಟ್ ಎರಡಕ್ಕೂ ಟುರಿನ್‌ನ ಹೆರಿಟೇಜ್ ವಿಭಾಗ ಮೂಲ ಪ್ರಮಾಣಪತ್ರ ಕೊಡುತ್ತದೆ. ಆಲ್ಫಾಕ್ಕೆ ಮಿಲಾನ್ ಹತ್ತಿರದ ಆರೇಸೆಯ ದಾಖಲೆ ಕೇಂದ್ರ, ಅವರೂ ಒಳ್ಳೆಯ ಕೆಲಸ ಮಾಡುತ್ತಾರೆ. ನನ್ನ ಪ್ರಮಾಣಪತ್ರದಲ್ಲಿ ಮೂಲ ಬಣ್ಣ ಬೂದು ಅಂತಿತ್ತು, ಕಾರು ಇದ್ದದ್ದು ಕಡುನೀಲಿ. ಬಾಗಿಲಿನ ಒಳಗಿನ ಹಲಗೆ ಬಿಚ್ಚಿದಾಗ ಕೆಳ ಅಂಚಿನಲ್ಲಿ ಬೂದು ಬಣ್ಣ ಹಾಗೇ ಇತ್ತು. ಹಲಗೆಯ ಬೆನ್ನಿಗೆ ಕೆಲಸಗಾರನೊಬ್ಬ ನೀಲಿ ಪೆನ್ಸಿಲ್‌ನಿಂದ ಬರೆದ ಅಂಕಿಗಳು, ಬಾಡಿ ನಂಬರಿನ ಕೊನೆಯ ಭಾಗ. ಬಾಡಿ ತಟ್ಟೆಯ ಮೇಲಿನ ನಂಬರಿಗೆ ಸರಿಯಾಗಿ ಹೊಂದಿದವು. ಅಂದರೆ ಹಲಗೆ ಈ ಕಾರಿನದೇ, ಬೇರೆ ಎಲ್ಲಿಂದಲೋ ತಂದು ಜೋಡಿಸಿದ್ದಲ್ಲ. ಆ ಕ್ಷಣದ ಸಂತೋಷವನ್ನು 180 ಅಶ್ವಶಕ್ತಿಯೂ ಕೊಡಲಾರದು.

ಫ್ಲಾಮಿನಿಯಾದಲ್ಲೇ ತೂರಿಂಗ್ ಕಂಪನಿ ಬಾಡಿ ಕಟ್ಟಿದ ಜಿಟಿ ಮಾದರಿ ಯಾಕೆ ಬೇಡ ಅಂತ ಕೇಳುವವರಿದ್ದಾರೆ. ನೋಡಲು ಅದೇ ಚೆಂದ, ಒಪ್ಪುತ್ತೇನೆ. ಆದರೆ ಉಕ್ಕಿನ ಕೊಳವೆಗಳ ಮೇಲೆ ಅಲ್ಯೂಮಿನಿಯಂ ಹೊದಿಸಿದ ಬಾಡಿ ಅದು. ನೀರು ಸೇರಿದರೆ ಉಕ್ಕು ತಾಗಿದ ಕಡೆ ಅಲ್ಯೂಮಿನಿಯಂ ಸವೆಯುತ್ತದೆ, ಹೊರಗಿನಿಂದ ಗೊತ್ತೇ ಆಗುವುದಿಲ್ಲ. ಬೆಲೆಯೂ ಎರಡು ಪಟ್ಟಿಗಿಂತ ಮೇಲೆ. ಪಿನಿನ್‌ಫರೀನಾ ಕೂಪೆ 5,000ಕ್ಕಿಂತ ಜಾಸ್ತಿ ತಯಾರಾಗಿದೆ, ಹಾಗಾಗಿ ಬೆಲೆ ಇನ್ನೂ ಕೈಗೆ ಸಿಗುವಂತಿದೆ. ತನ್ನ ಸ್ವಂತ ಓಡಾಟಕ್ಕೆ ಬಾತಿಸ್ತಾ ಪಿನಿನ್‌ಫರೀನಾ ಇಟ್ಟುಕೊಂಡಿದ್ದ ಫ್ಲೋರಿಡಾ 2 ಅನ್ನುವ ಕಾರಿನ ಗೆರೆಗಳೇ ಇದರಲ್ಲೂ ಇವೆ. ನನಗೆ ಅಷ್ಟು ಸಾಕು.

ಒಬ್ಬರೇ ಓಡಿಸುವವರು, ದುಡ್ಡಿನ ಚಿಂತೆ ಇಲ್ಲದವರು ಡೀನೋ ತಗೊಳ್ಳಿ. ವೆಲ್ಡಿಂಗ್ ಬಲ್ಲವರು, ಕಾರ್ಬ್ಯುರೇಟರ್ ಜೊತೆ ಭಾನುವಾರ ಕಳೆಯಲು ಇಷ್ಟಪಡುವವರು ಆಲ್ಫಾ ತಗೊಳ್ಳಿ. ನನ್ನ ಹಾಗೆ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ದೂರ ಹೋಗುವವರಿಗೆ, ವರ್ಷಕ್ಕೆ ಇಷ್ಟೇ ಖರ್ಚು ಅಂತ ಲೆಕ್ಕ ಇಡುವವರಿಗೆ ಫ್ಲಾಮಿನಿಯಾ ಕೂಪೆ. ನೋಡಲು ಹೋಗುವಾಗ ಲಿಫ್ಟ್ ಇರುವ ಗ್ಯಾರೇಜಿಗೇ ತರಿಸಿ. ಅರ್ಧ ಗಂಟೆ ಓಡಿಸಿ, ಬಿಸಿ ಇರುವಾಗಲೇ ಎತ್ತಿಸಿ, ಹಿಂದಿನ ಎರಡೂ ಡಿಸ್ಕ್‌ಗಳ ಒಳಮೈಗೆ ಬಿಳಿ ಬಟ್ಟೆ ಒತ್ತಿ ನೋಡಿ. ಬಟ್ಟೆ ಒದ್ದೆಯಾದರೆ ಸೀಲು, ಸ್ಟೀಲ್ ತೋಳು, ಪ್ಯಾಡ್, ಕೂಲಿ ಎಲ್ಲಾ ಸೇರಿಸಿ ಬೆಲೆಯಲ್ಲಿ ಕಡಿತ ಕೇಳಿ. ಗಾಳಿ ಕಿಂಡಿಯನ್ನು ನೀವೇ ತೊಳೆದುಕೊಳ್ಳಬಹುದು.