ಕುದುರೆಮುಖವೋ, ಕುರಿಂಜಾಲೋ?

ಕುದುರೆಮುಖ ರಾಷ್ಟ್ರೀಯ ಉದ್ಯಾನದಲ್ಲಿ ನಡೆಯೋಕೆ ಒಂದೇ ದಿನ ಇದ್ದರೆ ಯಾವ ಬೆಟ್ಟ ಹತ್ತೋದು? ಸುಮ್ನೆ ಎತ್ತರ ನೋಡಿ ತೀರ್ಮಾನಿಸಬೇಡಿ.

ಕುದುರೆಮುಖ ಶಿಖರ ಸುಮಾರು 1,894 ಮೀಟರ್. ನಡಿಗೆ ಶುರುವಾಗುವ ಮುಳ್ಳೋಡಿ ಹಳ್ಳಿಯಿಂದ ಹೋಗಿಬರಲು ಹತ್ತಿರ ಹತ್ತಿರ 20 ಕಿ.ಮೀ. ಅಂದರೆ ಬೆಳಗಿನಿಂದ ಸಂಜೆವರೆಗೂ ನಡಿಗೆ. ಮುಳ್ಳೋಡಿ ತಲುಪೋದೇ ಒಂದು ಸಾಹಸ. ರಸ್ತೆ ಹಾಗಿದೆ, ಜೀಪ್ ಬಾಡಿಗೆಯನ್ನೂ ಲೆಕ್ಕಕ್ಕೆ ಸೇರಿಸಿ. ದಾರಿಯುದ್ದಕ್ಕೂ ಹುಲ್ಲುಗಾವಲು, ನಡುನಡುವೆ ಕಣಿವೆಗಳಲ್ಲಿ ದಟ್ಟವಾಗಿ ಬೆಳೆದ ಶೋಲಾ ಕಾಡು, ದಾಟಬೇಕಾದ ಹಳ್ಳಗಳು. ಮಳೆಗಾಲದಲ್ಲಿ ಕಣ್ಣಿಗೆ ಹಸಿರು ಹಬ್ಬ, ಇಂಬಳಗಳಿಗೆ ನಿಮ್ಮ ಕಾಲೇ ಹಬ್ಬ! ಮಂಜು ಕವಿದರೆ ತುದಿಯಲ್ಲಿ ಏನೂ ಕಾಣೋದಿಲ್ಲ. ದೂರದ ನೋಟ ಬೇಕಿದ್ದರೆ ಅಕ್ಟೋಬರ್ ಕಳೆದ ಮೇಲೆ ಹೋಗಿ.

ಕುರಿಂಜಾಲ್ ಗಿಡ್ಡ, ನಡಿಗೆಯೂ ಕಡಿಮೆ. ಭಗವತಿ ಪ್ರಕೃತಿ ಶಿಬಿರದ ಕಡೆಯಿಂದ ಶುರು. ಬಹುಪಾಲು ಹಳೆಯ ಜೀಪ್ ದಾರಿ, ಕಾಡಿನ ನೆರಳು. ಕೊನೆಯ ಏರು ಮಾತ್ರ ಸ್ವಲ್ಪ ಉಸಿರು ಕಟ್ಟಿಸುತ್ತದೆ. ಮೊದಲ ಸಲ ಬೆಟ್ಟ ಹತ್ತುವವರಿಗೆ, ಮಕ್ಕಳ ಜೊತೆ ಬರುವವರಿಗೆ ನನ್ನ ಓಟು ಇದಕ್ಕೇ. ಮಂಡಿ ಗಟ್ಟಿಯಿದ್ದವರು ಕುದುರೆಮುಖಕ್ಕೇ ಹೋಗಲಿ ಬಿಡಿ.

ಎರಡಕ್ಕೂ ಅರಣ್ಯ ಇಲಾಖೆಯ ಅನುಮತಿ ಬೇಕು. ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ, ಶನಿವಾರ-ಭಾನುವಾರದ ಟಿಕೆಟ್ ಬೇಗ ಖಾಲಿ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಚಾರಣವನ್ನೇ ನಿಲ್ಲಿಸುವುದುಂಟು. ಬಸ್ ಟಿಕೆಟ್‌ಗಿಂತ ಮೊದಲು ಅದನ್ನು ವಿಚಾರಿಸಿ.