ಕೊಡಗಿನ ಮನೆಗೊಂದು ಅಗ್ಗದ ಗೇಮಿಂಗ್ ಕಂಪ್ಯೂಟರ್: ಮೂರು ಜೋಡಣೆಗಳ ಹೋಲಿಕೆ

ಮಾನಿಟರ್ ಬಿಟ್ಟು 50ರಿಂದ 60 ಸಾವಿರ ರೂಪಾಯಿಯೊಳಗೆ ಮೊದಲ ಗೇಮಿಂಗ್ ಕಂಪ್ಯೂಟರ್ ಜೋಡಿಸಿಕೊಳ್ಳಲು ಹೊರಟವರಿಗೆ ಸಿಗುವ ಸಲಹೆಗಳ ಹಿಂದೆ ಸಾಮಾನ್ಯವಾಗಿ ನಗರದ ಕೆಲವು ಎಣಿಕೆಗಳಿರುತ್ತವೆ: ಕರೆಂಟ್ ಹೋಗುವುದು ಅಪರೂಪ, ವೋಲ್ಟೇಜ್ 230ರ ಹತ್ತಿರವೇ ನಿಂತಿರುತ್ತದೆ, ಕೆಟ್ಟ ಭಾಗವನ್ನು ಸಂಜೆಯೊಳಗೆ ಬೆಂಗಳೂರಿನ ಎಸ್.ಪಿ. ರಸ್ತೆಗೆ ಒಯ್ದು ತೋರಿಸಬಹುದು. ಕೊಡಗಿನ ತೋಟದ ಮನೆಗಳಲ್ಲಿ ಇವುಗಳಲ್ಲಿ ಒಂದೂ ನಡೆಯುವುದಿಲ್ಲ. ಆದ್ದರಿಂದ ಮೂರು ಜೋಡಣೆಗಳನ್ನು ಇಲ್ಲಿಯೇ, ಇಲ್ಲಿನ ಕರೆಂಟಿನಲ್ಲಿಯೇ ಬಳಸಿ ನೋಡಿ, ಕಂಡದ್ದನ್ನು ಬರೆಯುತ್ತಿದ್ದೇನೆ. ಮೊದಲನೆಯದು ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ (ಆಟದ ಚಿತ್ರ ಮೂಡಿಸುವ ಬಿಡಿಭಾಗ) ಇಲ್ಲದ, ಎಎಂಡಿಯ ರೈಜನ್ 5 5600ಜಿ ಪ್ರೊಸೆಸರಿನ ಜೋಡಣೆ. ಅದು ಮಡಿಕೇರಿಯ ನನ್ನ ಮನೆಯಲ್ಲಿದೆ. ಉಳಿದೆರಡರಲ್ಲಿ ಪ್ರೊಸೆಸರ್ ಒಂದೇ, ಇಂಟೆಲ್ ಕೋರ್ ಐ3 12100ಎಫ್; ಅದರೊಳಗೆ ಗ್ರಾಫಿಕ್ಸ್ ಇಲ್ಲ. ನಾಪೋಕ್ಲು ಬಳಿ ಇರುವ ಅಕ್ಕನ ಮನೆಯಲ್ಲಿ ಅದಕ್ಕೆ ಒಮ್ಮೆ ಆರ್‌ಟಿಎಕ್ಸ್ 3050ರ 6 ಜಿಬಿ ಕಾರ್ಡನ್ನೂ ಇನ್ನೊಮ್ಮೆ ಆರ್‌ಎಕ್ಸ್ 6600 ಕಾರ್ಡನ್ನೂ ಹಾಕಿ, ಅಕ್ಕನ ಮಗ ಆಡುವ ಆಟಗಳನ್ನೇ 1080ಪಿ (ಫುಲ್ ಎಚ್‌ಡಿ) ಪರದೆಯಲ್ಲಿ ಆಡಿಸಿ ನೋಡಿದೆವು.

2021ರಲ್ಲಿ ಬಂದ 5600ಜಿ ಪ್ರೊಸೆಸರ್‌ನಲ್ಲಿ 6 ಕೋರ್ ಹಾಗೂ 12 ಥ್ರೆಡ್‌ಗಳಿದ್ದು, ಚಿತ್ರ ಮೂಡಿಸುವ ವೇಗಾ ಗ್ರಾಫಿಕ್ಸ್ ಅದರೊಳಗೇ ಇದೆ. ವ್ಯಾಲರಂಟ್‌ನಂಥ ಹಗುರ ಆಟಗಳು ಇದರಲ್ಲಿ ಯಾವ ತಕರಾರೂ ಇಲ್ಲದೆ ಓಡುತ್ತವೆ. ಹಳೆಯ ಜಿಟಿಎ 5 ಕೂಡ ಸೆಟ್ಟಿಂಗ್ ತಗ್ಗಿಸಿದರೆ ಆಡಲು ಹಿತವಾಗಿದೆ. ಸೈಬರ್‌ಪಂಕ್ 2077ರಂಥ ಭಾರದ ಆಟಕ್ಕೆ ಬಂದಾಗ ಮಾತ್ರ ರೆಸಲ್ಯೂಷನ್ ಇಳಿಸಿದರೂ ಚಿತ್ರ ತಡವರಿಸುತ್ತದೆ. ಈ ಒಳಗ್ರಾಫಿಕ್ಸಿಗೆ ಸ್ವಂತ ಮೆಮೊರಿ ಇಲ್ಲ; ಅದು ಕಂಪ್ಯೂಟರಿನ ರ‍್ಯಾಮ್‌ನಿಂದಲೇ ಎರವಲು ಪಡೆದು ಬದುಕುತ್ತದೆ. ಡಿಡಿಆರ್4 3200 ರ‍್ಯಾಮ್‌ನ ಒಂದು ಚಾನೆಲ್ ಸೆಕೆಂಡಿಗೆ 25.6 ಜಿಬಿ ಸಾಗಿಸಿದರೆ ಎರಡು ಚಾನೆಲ್ ಸೇರಿ 51.2 ಜಿಬಿ ಸಾಗಿಸುತ್ತವೆ. ಆದ್ದರಿಂದ 16 ಜಿಬಿಯ ಒಂದೇ ಪಟ್ಟಿಯ ಬದಲು 8 ಜಿಬಿಯ ಎರಡು ಪಟ್ಟಿಗಳನ್ನು, ಚಾನೆಲ್‌ಗೆ ಒಂದರಂತೆ, ಹಾಕುವುದು ಈ ಜೋಡಣೆಯಲ್ಲಿ ಕಡ್ಡಾಯವೆಂದೇ ತಿಳಿಯಬೇಕು. ಒಂದು ಪಟ್ಟಿಯನ್ನು ತೆಗೆದು ಆಡಿ ನೋಡಿದರೆ, ಅದೇ ಆಟ ಅದೇ ಸೆಟ್ಟಿಂಗ್‌ನಲ್ಲಿ ಮುಗ್ಗರಿಸುವುದು ಹೊಸಬರ ಕಣ್ಣಿಗೂ ಕಾಣುತ್ತದೆ.

ಕಾರ್ಡುಗಳ ವಿಷಯದಲ್ಲಿ ಇದೇ ಲೆಕ್ಕವನ್ನು ಮುಂದುವರಿಸಬಹುದು. 3050ರ 6 ಜಿಬಿ ಕಾರ್ಡಿನ ಮೆಮೊರಿ ಸೆಕೆಂಡಿಗೆ 168 ಜಿಬಿ ಸಾಗಿಸುತ್ತದೆ, 6600 ಕಾರ್ಡಿನದು 224 ಜಿಬಿ. ಕೇವಲ ಆಟದ ವೇಗವನ್ನು ನೋಡುವುದಾದರೆ 6600 ನಿಸ್ಸಂದೇಹವಾಗಿ ಮುಂದಿದೆ. 3050ರಲ್ಲಿ ಮಧ್ಯಮ ಸೆಟ್ಟಿಂಗ್‌ಗೆ ತೃಪ್ತಿಪಟ್ಟುಕೊಳ್ಳಬೇಕಾದ ಆಟವನ್ನು ಇದು ಹೈ ಸೆಟ್ಟಿಂಗ್‌ನಲ್ಲಿ ನಿರಾಯಾಸವಾಗಿ ಓಡಿಸುತ್ತದೆ, ಜೊತೆಗೆ 8 ಜಿಬಿ ಮೆಮೊರಿ ಇರುವುದರಿಂದ ಹೊಸ ಆಟಗಳಿಗೆ ಇನ್ನಷ್ಟು ಕಾಲ ಒದಗುತ್ತದೆ. 3050ರ ಪರವಾಗಿ ಡಿಎಲ್‌ಎಸ್‌ಎಸ್ ಇದೆ, ಅಂದರೆ ಚಿತ್ರವನ್ನು ಕಡಿಮೆ ರೆಸಲ್ಯೂಷನ್‌ನಲ್ಲಿ ರಚಿಸಿ ಆಮೇಲೆ ಹಿಗ್ಗಿಸಿ ವೇಗ ಹೆಚ್ಚಿಸುವ ತಂತ್ರ. ಅದನ್ನು ಬೆಂಬಲಿಸುವ ಆಟಗಳಲ್ಲಿ ಅಂತರ ಸ್ವಲ್ಪ ತಗ್ಗುತ್ತದೆ, ಆದರೆ ಅಳಿಸಿಹೋಗುವುದಿಲ್ಲ. ಒಂದು ಎಚ್ಚರಿಕೆಯೆಂದರೆ, 3050 ಎಂಬ ಹೆಸರಿನಲ್ಲಿ 2022ರ 8 ಜಿಬಿ ಕಾರ್ಡೂ ಇದೆ, 2024ರ 6 ಜಿಬಿ ಕಾರ್ಡೂ ಇದೆ. ಎರಡನೆಯದು ಮೆಮೊರಿಯಲ್ಲಿ ಮಾತ್ರವಲ್ಲ, ಸಾಮರ್ಥ್ಯದಲ್ಲಿಯೂ ಕಡಿಮೆ. ಅಂಗಡಿಯವರು ಇದನ್ನು ತಾವಾಗಿ ಹೇಳುವುದು ಅಪರೂಪ.

ಇಷ್ಟಕ್ಕೇ ನಿಲ್ಲಿಸಿದರೆ ತೀರ್ಪು ಸುಲಭ. ಆದರೆ 6 ಜಿಬಿಯ ಕಾರ್ಡ್ ಬಳಸುವ ವಿದ್ಯುತ್ತು 70 ವ್ಯಾಟ್ ಮಾತ್ರವಾದ್ದರಿಂದ ಬಹುತೇಕ ಮಾದರಿಗಳಿಗೆ ಪ್ರತ್ಯೇಕ ಪವರ್ ಕೇಬಲ್ಲೇ ಬೇಕಾಗಿಲ್ಲ. 6600 ಬಳಸುವುದು 132 ವ್ಯಾಟ್. ನಗರದಲ್ಲಿ ಈ 62 ವ್ಯಾಟಿನ ವ್ಯತ್ಯಾಸವನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ನಾಪೋಕ್ಲಿನಲ್ಲಿ ಮಳೆ ಹಿಡಿದ ಜುಲೈ ತಿಂಗಳಲ್ಲಿ ಮರ ಬಿದ್ದು ತಂತಿ ಹರಿದಾಗ ಅದೇ ದೊಡ್ಡ ವ್ಯತ್ಯಾಸವಾಗುತ್ತದೆ. ಅಕ್ಕನ ಮನೆಯಲ್ಲಿದ್ದ 600 ವಿಎ ಯುಪಿಎಸ್ ನಿಜವಾಗಿ ಕೊಡಬಲ್ಲದ್ದು 360 ವ್ಯಾಟ್. ಆಟದ ನಡುವೆ ಕರೆಂಟ್ ಹೋದಾಗ 3050 ಇದ್ದ ಜೋಡಣೆಯನ್ನು ಅದು ಆಟ ಉಳಿಸಿ ಕಂಪ್ಯೂಟರ್ ಆರಿಸುವಷ್ಟು ಹೊತ್ತು ಹಿಡಿದುಕೊಳ್ಳುತ್ತಿತ್ತು. 6600 ಇದ್ದಾಗ ಲೆಕ್ಕದ ಪ್ರಕಾರ ಸಾಕಾಗಬೇಕಿದ್ದರೂ, ಭಾರದ ದೃಶ್ಯವೊಂದು ಬಂದ ಗಳಿಗೆಯಲ್ಲಿಯೇ ಬ್ಯಾಟರಿಗೆ ಹೊರಳಬೇಕಾದರೆ ಯುಪಿಎಸ್ ಒಮ್ಮೆ ಕೂಗಿ ಸುಮ್ಮನಾಗುತ್ತಿತ್ತು. ಆದ್ದರಿಂದ 6600 ಕಾರ್ಡಿಗೆ 1000 ವಿಎ ಯುಪಿಎಸ್‌ನ ಬೆಲೆಯನ್ನೂ ಸೇರಿಸಿಯೇ ಹೋಲಿಸಬೇಕು.

ಮನೆಯಲ್ಲಿ ಇನ್ವರ್ಟರ್ ಇರುವಾಗ ಯುಪಿಎಸ್ ಏಕೆಂದು ಭಾವ ಕೇಳಿದ್ದರು. ಪ್ರಶ್ನೆ ನ್ಯಾಯವಾದದ್ದೇ. ಇನ್ವರ್ಟರಿನ ಹಿಂಬದಿಯಲ್ಲಿ ಸಾಮಾನ್ಯವಾಗಿ ಒಂದು ಪುಟ್ಟ ಸ್ವಿಚ್ ಇರುತ್ತದೆ. ಅದನ್ನು ಯುಪಿಎಸ್ ಮೋಡ್‌ಗೆ ಇಟ್ಟರೆ ಕರೆಂಟ್ ಹೋದಾಗ ಬ್ಯಾಟರಿಗೆ ಬೇಗ ಹೊರಳುತ್ತದೆ, ಕಂಪ್ಯೂಟರ್ ಆರುವುದಿಲ್ಲ. ಆದರೆ ಆ ಮೋಡ್‌ನಲ್ಲಿ ವೋಲ್ಟೇಜ್ 180ರ ಕೆಳಗೆ ಇಳಿದರೆ ಸಾಕು, ಕರೆಂಟ್ ಇದ್ದರೂ ಇನ್ವರ್ಟರ್ ಬ್ಯಾಟರಿಯನ್ನೇ ತಿನ್ನುತ್ತದೆ. ಫೆಬ್ರುವರಿ–ಮಾರ್ಚ್‌ನಲ್ಲಿ ರೋಬಸ್ಟಾ ಹೂವಿಗಾಗಿ ಸುತ್ತಲಿನ ತೋಟಗಳಲ್ಲಿ ಸ್ಪ್ರಿಂಕ್ಲರ್ ಮೋಟಾರುಗಳು ಓಡುವಾಗ ಇದು ದಿನನಿತ್ಯದ ಪಾಡು. ಸ್ವಿಚ್ಚನ್ನು ನಾರ್ಮಲ್‌ಗೆ ಇಟ್ಟರೆ ಕಡಿಮೆ ವೋಲ್ಟೇಜನ್ನು ಸಹಿಸಿಕೊಳ್ಳುತ್ತದೆ, ಹೊರಳುವುದು ಮಾತ್ರ ನಿಧಾನ. ಹಾಗೆ ಹೊರಳುವ ಗಳಿಗೆಯಲ್ಲಿ ಎಸ್‌ಎಂಪಿಎಸ್ (ಕಂಪ್ಯೂಟರಿನೊಳಗಿನ ಪವರ್ ಸಪ್ಲೈ) ತನ್ನೊಳಗಿನ ಕೆಪ್ಯಾಸಿಟರಿನ ಬಲದಿಂದ ಹಿಡಿದಿಡುವುದು ಸುಮಾರು 16–17 ಮಿಲಿಸೆಕೆಂಡ್. ಭಾರ ಕಡಿಮೆಯಿದ್ದರೆ ಇನ್ನೂ ತುಸು ಹೆಚ್ಚು. ಈ ಕಾರಣದಿಂದಲೇ ನನ್ನ 5600ಜಿ ನಾರ್ಮಲ್ ಮೋಡ್‌ನಲ್ಲಿಯೂ ಹಲವು ಬಾರಿ ಉಳಿದುಕೊಂಡಿದೆ, 6600 ಇದ್ದ ಯಂತ್ರ ಬಹುತೇಕ ಪ್ರತಿ ಸಲವೂ ಆರಿ ಮತ್ತೆ ಹೊತ್ತಿಕೊಂಡಿದೆ.

ಎಸ್‌ಎಂಪಿಎಸ್ ಕೊಳ್ಳುವಾಗ ಎಲ್ಲರೂ 450 ವ್ಯಾಟೋ 550 ವ್ಯಾಟೋ ಎಂದು ಮಾತ್ರ ನೋಡುತ್ತಾರೆ. ಪಕ್ಕದ ಸ್ಟಿಕರಿನ ಮೊದಲ ಸಾಲನ್ನು ಓದುವುದು ಅದಕ್ಕಿಂತ ಮುಖ್ಯ. ಕೆಲವು ಅಗ್ಗದ ಘಟಕಗಳ ಮೇಲೆ ಇನ್‌ಪುಟ್ 200–240 ವೋಲ್ಟ್ ಎಂದು ಬರೆದಿರುತ್ತದೆ, ಇನ್ನು ಕೆಲವದರ ಮೇಲೆ 100–240. ಎರಡಕ್ಕೂ 80 ಪ್ಲಸ್ ಬ್ರಾಂಜ್ ಎಂಬ ದಕ್ಷತೆಯ ಗುರುತು ಇರಬಹುದು. ವೋಲ್ಟೇಜ್ 170ರ ಆಸುಪಾಸಿಗೆ ಬಿದ್ದ ಸಂಜೆಗಳಲ್ಲಿ ಮೊದಲ ಬಗೆಯದು ಆಟದ ನಡುವೆ ಆರಿಹೋಯಿತು, ಎರಡನೆಯದಕ್ಕೆ ಅದರ ಸುಳಿವೂ ಹತ್ತಲಿಲ್ಲ. ಬೆಲೆಯ ವ್ಯತ್ಯಾಸ ಅಲ್ಪವಾಗಿದ್ದು, ಇಡೀ ಪಟ್ಟಿಯಲ್ಲಿ ಕೊಡಗಿನವರು ಚೌಕಾಸಿ ಮಾಡಬಾರದ ಭಾಗ ಯಾವುದೆಂದು ಕೇಳಿದರೆ ಇದನ್ನೇ ಹೆಸರಿಸುತ್ತೇನೆ.

ಉಳಿದವುಗಳನ್ನು ಬೇಗ ಮುಗಿಸಬಹುದು. ಆಟ, ಫೈಲುಗಳನ್ನು ಇಡುವ ಎಸ್‌ಎಸ್‌ಡಿಯಲ್ಲಿ ವೇಗದ ಎನ್‌ವಿಎಂಇ ಮತ್ತು ಅದಕ್ಕಿಂತ ನಿಧಾನದ ಸಾಟಾ ಬೆಲೆ ಹತ್ತಿರವಿದ್ದರೆ ಎನ್‌ವಿಎಂಇ ಕೊಳ್ಳಬಹುದು, ಆಟದ ವೇಗ ಅದರಿಂದ ಬದಲಾಗುವುದಿಲ್ಲ. ಪ್ರೊಸೆಸರಿನೊಂದಿಗೆ ಬರುವ ಫ್ಯಾನ್ ನಮ್ಮ ಚಳಿಗೆ ಧಾರಾಳವಾಗಿ ಸಾಕು. ಬಣ್ಣದ ದೀಪಗಳ ಕ್ಯಾಬಿನೆಟ್ಟಿಗೆ ಹಾಕುವ ಹಣವನ್ನು ಅರ್ತಿಂಗ್ ಸರಿಪಡಿಸಲು ಬಳಸುವುದು ಮೇಲು. ಮಳೆಗಾಲದಲ್ಲಿ ಬಟ್ಟೆಬರೆಗೂ ಬೂಷ್ಟು ಹಿಡಿಯುವ ಮನೆಗಳಲ್ಲಿ ಯಂತ್ರವನ್ನು ವಾರಗಟ್ಟಲೆ ಮುಚ್ಚಿಡದೆ ದಿನಕ್ಕೊಮ್ಮೆ ಓಡಿಸಿದರೆ ಒಳಗಿನ ತೇವ ಆರುತ್ತದೆ.

ಹಾಗಾದರೆ ಯಾವುದು? ಮಡಿಕೇರಿ, ಕುಶಾಲನಗರ, ವಿರಾಜಪೇಟೆ ಪಟ್ಟಣದೊಳಗೆ ಇರುವವರು ದೊಡ್ಡ ಯುಪಿಎಸ್ ಸಹಿತವಾಗಿ 6600 ಕೊಳ್ಳಲಿ. ಕೊಟ್ಟ ಹಣಕ್ಕೆ ಆಟದ ಸುಖ ಅದರಲ್ಲಿಯೇ ಹೆಚ್ಚು. ತೋಟದ ಮನೆಗೆ, ಅದರಲ್ಲಿಯೂ ಸಾಲಿನ ಕೊನೆಯ ಟ್ರಾನ್ಸ್‌ಫಾರ್ಮರಿನ ಮನೆಗೆ, ವೇಗ ಕಡಿಮೆಯಾದರೂ 3050ರ 6 ಜಿಬಿ ಕಾರ್ಡನ್ನೇ ಆರಿಸುತ್ತೇನೆ, ಅಕ್ಕನ ಮಗ ಇದಕ್ಕೆ ಇನ್ನೂ ಒಪ್ಪಿಲ್ಲ. ಓದಿನ ಜೊತೆಗೆ ಹಗುರ ಆಟ ಸಾಕೆನ್ನುವವರಿಗೆ 5600ಜಿ ಒಳ್ಳೆಯದು. ಮುಂದೆ ಕಾರ್ಡ್ ಹಾಕಿಕೊಂಡರಾಯಿತು ಎಂದುಕೊಂಡು ಅದನ್ನು ಕೊಳ್ಳುವುದು ಮಾತ್ರ ಅಷ್ಟು ಸರಿಯಲ್ಲ: ಪ್ರೊಸೆಸರಿಗೂ ಕಾರ್ಡಿಗೂ ನಡುವಿನ ದಾರಿಯಾದ ಪಿಸಿಐಇ ಅದರಲ್ಲಿ ಹಳೆಯ 3.0, ಒಳಗಿನ ವೇಗದ ಮೆಮೊರಿಯಾದ ಕ್ಯಾಶ್ 16 ಎಂಬಿ ಮಾತ್ರ, ಮತ್ತು 6600 ಕಾರ್ಡ್ ಆ ದಾರಿಯ 8 ಲೇನುಗಳನ್ನಷ್ಟೇ ಬಳಸುವುದರಿಂದ ಅದರ ಶಕ್ತಿಯಲ್ಲಿ ಒಂದಿಷ್ಟು ಸೋರಿಹೋಗುತ್ತದೆ. ಹಂತಹಂತವಾಗಿ ಕೊಳ್ಳುವವರಿಗೆ ಎಫ್ ಅಕ್ಷರವಿಲ್ಲದ 12100 ಹೆಚ್ಚು ಹೊಂದುತ್ತದೆ. ಅದರೊಳಗಿನ ಯುಎಚ್‌ಡಿ 730 ಗ್ರಾಫಿಕ್ಸ್ ಆಟಕ್ಕೆ ಹೆಚ್ಚು ಬಾರದಿದ್ದರೂ, ಕಾರ್ಡ್ ಕೊಳ್ಳುವವರೆಗೆ, ಹಾಗೆಯೇ ಕೊಂಡ ಕಾರ್ಡ್ ವಾರಂಟಿ ದುರಸ್ತಿಗೆಂದು ಮೈಸೂರು, ಬೆಂಗಳೂರಿಗೆ ಹೋಗಿ ವಾರಗಟ್ಟಲೆ ಬಾರದೆ ಇರುವಾಗ, ಪರದೆಯ ಮೇಲೆ ಚಿತ್ರ ಮೂಡಿಸಿ ಮನೆಯ ಉಳಿದ ಕೆಲಸವನ್ನು ನಡೆಸಿಕೊಂಡು ಹೋಗುತ್ತದೆ. 12100ಎಫ್ ಇದ್ದವರು ಅಷ್ಟೂ ದಿನ ಕಪ್ಪು ಪರದೆಯನ್ನು ನೋಡುತ್ತ ಕೂರಬೇಕಾಗುತ್ತದೆ.