ಭಾಷಾಂತರವೋ, ಬರೀ ಮಲಯಾಳವೋ, ಎರಡೂ ಕೂಡಿಯೋ? ಕನ್ನಡ ಮಾಧ್ಯಮದ ಮಕ್ಕಳಿಗೆ ಮಲಯಾಳಂ ಕಲಿಸುವ ಮೂರು ದಾರಿ

ಕಾಸರಗೋಡು, ಮಂಜೇಶ್ವರ ಕಡೆಯ ಕನ್ನಡ ಮಾಧ್ಯಮದ ತರಗತಿಯಲ್ಲಿ ಬೆಂಚಿಗೊಂದು ಮನೆಮಾತು. ತುಳು, ಹವ್ಯಕ, ಕೊಂಕಣಿ, ಬ್ಯಾರಿ, ಮರಾಟಿ. ಹಲವರಿಗೆ ಕನ್ನಡವೇ ಶಾಲೆಗೆ ಬಂದ ಮೇಲೆ ಕೈಗೆ ಸಿಕ್ಕ ಭಾಷೆ. ಅದರ ಮೇಲೆ ಮಲಯಾಳಂ. ಕೇರಳದ ಶಾಲೆಗಳಲ್ಲಿ ಮಲಯಾಳಂ ಕಲಿಕೆಯನ್ನು ಕಡ್ಡಾಯ ಮಾಡಿದ 2017ರ ಕಾಯ್ದೆ, ಹಕ್ಕು, ಇವುಗಳ ವಾದವನ್ನು ಇಲ್ಲಿ ಎತ್ತುವುದಿಲ್ಲ. ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ ಮಗುವಿನ ಬಾಯಲ್ಲಿ ಏನು ಬಂತು, ಕಾಪಿಯಲ್ಲಿ ಏನು ಉಳಿಯಿತು, ಅಷ್ಟೇ ಲೆಕ್ಕ. ಬಾಳೆತೋಟದ ಮೇಲಿನ ಆರು ವಾಕ್ಯದ ಒಂದೇ ಪಾಠವನ್ನು ಮೂರು ಬಗೆಯಲ್ಲಿ ಮಾಡಿ ನೋಡಿದಾಗ ಕಂಡದ್ದು ಇದು.

ಭಾಷಾಂತರದ ದಾರಿ ಎಲ್ಲರಿಗೂ ಗೊತ್ತಿರುವುದೇ. ಮೇಷ್ಟ್ರು ಒಂದು ಸಾಲು ಓದುತ್ತಾರೆ, ಕೆಳಗೆ ಕನ್ನಡ ಅರ್ಥ ಬರೆಸುತ್ತಾರೆ. ತಯಾರಿ ಬೇಡ, ಗಲಾಟೆ ಇಲ್ಲ, ಪರೀಕ್ಷೆಗೆ ನೋಟ್ಸ್ ಸಿದ್ಧ. ತೊಂದರೆ ಎರಡನೇ ವಾರದಲ್ಲಿ ಶುರು: ಮಗುವಿನ ಕಣ್ಣು ಕನ್ನಡದ ಸಾಲಿಗೆ ಮಾತ್ರ ಹೋಗುತ್ತದೆ. ಇನ್ನೂ ಸುಲಭವಾಗಲೆಂದು ಮಲಯಾಳದ ಶಬ್ದವನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡರೆ ಕೆಲಸ ಪೂರ್ತಿ ಕೆಟ್ಟಿತು. ಹಳಗನ್ನಡದಲ್ಲಿದ್ದು ನಾವು ಬಿಟ್ಟುಬಂದ ಱ, ೞ ಎರಡೂ ಮಲಯಾಳದಲ್ಲಿ ಗಟ್ಟಿಯಾಗಿ ಉಳಿದಿವೆ. ಮಗು ಅವನ್ನು ರ, ಳ ಎಂದೇ ಬರೆದುಕೊಳ್ಳುತ್ತದೆ. ಕಱಿ ಅಂದರೆ ಸಾರು ಪಲ್ಯ, ಕರಿ ಅಂದರೆ ಇದ್ದಿಲು. ವೞಿ ಅಂದರೆ ದಾರಿ, ವಳಿ ಅಂದರೆ ಹೂಸು. ದಾರಿ ಕೇಳಲು ಹೋದವನ ಸುತ್ತ ನಗು ಏಳುವುದು ಇದಕ್ಕೇ.

ಆದರೂ ಭಾಷಾಂತರವನ್ನು ಎತ್ತಿ ಎಸೆಯಬೇಡಿ. ಒಂದು ಕಡೆ ಅದನ್ನು ಮೀರಿಸಿದ್ದು ಯಾವುದೂ ಇಲ್ಲ: ನೋಡಲು ಒಂದೇ, ಅರ್ಥ ಬೇರೆ ಇರುವ ಶಬ್ದಗಳು. ಮಲಯಾಳದಲ್ಲಿ ಅವಸರಂ ಅಂದರೆ ಅವಕಾಶ, ಸಂಸಾರಂ ಅಂದರೆ ಮಾತು, ಉಪನ್ಯಾಸಂ ಅಂದರೆ ಪ್ರಬಂಧ, ಯೋಗಂ ಅಂದರೆ ಸಭೆ, ಪಟ್ಟಿ ಅಂದರೆ ನಾಯಿ. ಅನುವಾದಂ ಅಂದರೆ ಅನುಮತಿ. ನಮ್ಮ ಅನುವಾದಕ್ಕೆ ಅವರು ಪರಿಭಾಷ ಅನ್ನುತ್ತಾರೆ. ನಮ್ಮ ಪರಿಭಾಷೆ ಮತ್ತೆ ಬೇರೆಯೇ! ಇಂಥವನ್ನು ಚಿತ್ರ ತೋರಿಸಿ, ಅಭಿನಯ ಮಾಡಿ ಕಲಿಸಲು ಹೊರಡುವುದು ಹೊತ್ತು ಹಾಳು. ನೇರ ಕನ್ನಡದಲ್ಲಿ ಹೇಳಿ ಮುಗಿಸಬೇಕು. ಪೀರಿಯಡ್ಡಿಗೆ ಎರಡು ಸಾಕು.

ಬರೀ ಮಲಯಾಳದ ದಾರಿಯಲ್ಲಿ ಕನ್ನಡಕ್ಕೆ ಬಾಗಿಲು ಹಾಕಿರುತ್ತದೆ. ಇದರಲ್ಲಿ ಚೆನ್ನಾಗಿ ನಡೆಯುವುದು ಆಜ್ಞೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಆಶರ್ ರೂಪಿಸಿದ, ಕೇಳಿ ಮೈಯಿಂದ ಉತ್ತರಿಸುವ ಕ್ರಮ ಇಲ್ಲಿ ಸಲೀಸು. ವಾ, ಪೋ, ಇರಿಕ್ಕ್, ಪುಸ್ತಕಂ ಎಡುಕ್ಕ್, ವಾತಿಲ್ ಅಡಯ್ಕ್ (ಬಾ, ಹೋಗು, ಕೂತುಕೋ, ಪುಸ್ತಕ ತೆಗೆದುಕೋ, ಬಾಗಿಲು ಹಾಕು): ವಾರಕ್ಕೆ ಎಂಟು ಹತ್ತು ಆಜ್ಞೆ, ದಿನಕ್ಕೆ ಐದು ನಿಮಿಷ. ‘ಇರಿಕ್ಕ್’ ಕೇಳಿ ಕನ್ನಡದ ‘ಇರಿ’ ಎಂದುಕೊಂಡು ನಿಂತಲ್ಲೇ ನಿಲ್ಲುವವರು ಮೊದಲ ದಿನ ಇದ್ದೇ ಇರುತ್ತಾರೆ, ಮರುದಿನ ಕೂತುಕೊಳ್ಳುತ್ತಾರೆ.

ಮೋಸ ಎಲ್ಲಿ ಅಂದರೆ, ಮನೆಯಲ್ಲೋ ಪೇಟೆಯಲ್ಲೋ ಮಲಯಾಳಂ ಕೇಳಿ ಬಲ್ಲ ನಾಲ್ಕು ಮಕ್ಕಳು ಮೊದಲು ಏಳುತ್ತಾರೆ, ಉಳಿದವರು ಅವರನ್ನು ನೋಡಿ ಏಳುತ್ತಾರೆ. ಮೇಷ್ಟ್ರಿಗೆ ಎಲ್ಲರಿಗೂ ಅರ್ಥವಾದ ಹಾಗೆ ಕಾಣುತ್ತದೆ. ಪರಿಹಾರ ಸರಳ: ಕಣ್ಣು ಮುಚ್ಚಿಸಿ ಆಜ್ಞೆ ಕೊಡಿ, ಕ್ರಮವನ್ನು ಅದಲು ಬದಲು ಮಾಡಿ. ಕೈಬೆರಳಿಗೆ ಸಿಗದ ಮಾತು ಬಂದಾಗ ಈ ದಾರಿ ನಿಂತೇಹೋಗುತ್ತದೆ. ‘ಇನ್ನಲೆ’ ಅಂದರೆ ನಿನ್ನೆ ಎಂದು ತೋರಿಸಲು ಹೆಬ್ಬೆರಳನ್ನು ಹೆಗಲ ಹಿಂದಕ್ಕೆ ಮಾಡಿದರೆ, ಅರ್ಧ ಬೆಂಚು ಅದನ್ನು ‘ಹಿಂದೆ’ ಎಂದು ಕಲಿಯುತ್ತದೆ. ಮಾತಾಡದ ಮಗು ಇನ್ನಷ್ಟು ಮೌನವಾಗುವುದೂ ಈ ದಾರಿಯಲ್ಲೇ.

ಮೂರನೆಯದು ಎರಡೂ ಭಾಷೆಗೆ ತರಗತಿಯಲ್ಲಿ ಗೊತ್ತಾದ ಕೆಲಸ ಕೊಡುವ ದಾರಿ. ವೇಲ್ಸ್‌ನಲ್ಲಿ ಶಿಕ್ಷಣತಜ್ಞ ಕೆನ್ ವಿಲಿಯಮ್ಸ್ 1994ರಲ್ಲಿ ಇದಕ್ಕೆ ವೆಲ್ಷ್ ಭಾಷೆಯಲ್ಲಿ ಒಂದು ಹೆಸರು ಕೊಟ್ಟರು. ಇಂಗ್ಲಿಷಿಗೆ ಬಂದು ಅದು ಟ್ರಾನ್ಸ್‌ಲಾಂಗ್ವೇಜಿಂಗ್ ಆಯಿತು. ಒಂದು ಭಾಷೆಯಲ್ಲಿ ಓದು ಅಥವಾ ಕೇಳು, ಇನ್ನೊಂದರಲ್ಲಿ ಹೇಳು ಅಥವಾ ಬರೆ ಎಂಬುದು ಅದರ ತಿರುಳು. ಮನಬಂದಂತೆ ಬೆರೆಸುವುದಲ್ಲ. ನಲವತ್ತು ನಿಮಿಷ ಹೀಗೆ ಹಂಚಿ. ಮೊದಲ ಐದು ನಿಮಿಷ ಒಂದು ಬಾಳೆಎಲೆ ಮುಂದಿಟ್ಟು ಮಾತು, ಯಾವ ಮನೆಮಾತಾದರೂ ಸರಿ. ಹತ್ತು ನಿಮಿಷ ಕನ್ನಡದ ಆರು ವಾಕ್ಯ, ಇಬ್ಬಿಬ್ಬರಾಗಿ ಓದು. ಹತ್ತು ನಿಮಿಷ ಅದೇ ವಿಷಯವನ್ನು ಮಲಯಾಳದಲ್ಲಿ ಎರಡು ಸಲ ಕೇಳಿಸುವುದು. ಮೊದಲ ಸಲ ಪೆನ್ಸಿಲ್ ಕೆಳಗೆ. ಮತ್ತೆ ಹತ್ತು ನಿಮಿಷ ಜೊತೆಗಾರನಿಗೆ ಮಲಯಾಳದಲ್ಲಿ ಹೇಳಿ ಮೂರು ವಾಕ್ಯ ಬರೆಯುವುದು. ಉಳಿದ ಐದು ನಿಮಿಷಕ್ಕೆ ಬೋರ್ಡಿನ ಮೇಲೆ ಎರಡೇ ತಪ್ಪು. ಮೂರನೆಯದಕ್ಕೆ ಕೈ ಹಾಕಿದರೆ ಮರುದಿನ ಯಾರೂ ಬಾಯಿ ತೆರೆಯುವುದಿಲ್ಲ.

ಇದರ ಕೀಲು ಒಂದೇ: ಎರಡು ಪಠ್ಯ ಪದಕ್ಕೆ ಪದ ಹೊಂದಬಾರದು. ಹೊಂದಿದರೆ ಅದು ಹಳೆಯ ಭಾಷಾಂತರವೇ. ಕನ್ನಡದಲ್ಲಿ ಗೊನೆ ಮೂರು ಎಂದಿದ್ದರೆ ಮಲಯಾಳದಲ್ಲಿ ಕುಲ ನಾಲ್ಕು ಇರಲಿ. ಕನ್ನಡದಲ್ಲಿ ಎಲೆ ಕೊಯ್ದದ್ದು ಅಜ್ಜ, ಅಲ್ಲಿ ಅಮ್ಮ. ವ್ಯತ್ಯಾಸ ಹಿಡಿಯಬೇಕಾದ್ದರಿಂದ ಕಿವಿ ಮಲಯಾಳದ ಮೇಲೇ ಇರುತ್ತದೆ.

ಮನೆಮಾತಿಗೆ ಜಾಗ ಕೊಟ್ಟದ್ದರ ಲಾಭ ಇಲ್ಲೇ ಕೈಗೆ ಬರುವುದು. ಹತ್ತಕ್ಕೆ ಮಲಯಾಳದಲ್ಲಿ ಪತ್ತ್, ಕೊನೆಗೆ ತುಟಿ ದುಂಡಾಗದ ಅರ್ಧ ಉಕಾರ. ಕನ್ನಡ ಮಾತ್ರ ಬಲ್ಲವನ ಕಾಪಿಯಲ್ಲಿ ಅದು ‘ಪತ್ತು’. ತುಳು ಮಗುವಿಗೆ ಆ ಅರ್ಧ ಉಕಾರ ತಾಯಿಯ ಬಾಯಿಂದಲೇ ಬಂದಿದೆ: ತುಳುವಿನಲ್ಲೂ ಪತ್ತ್. ಹುಲಿ ತುಳುವಿನಲ್ಲಿ ಪಿಲಿ, ಮಲಯಾಳದಲ್ಲಿ ಪುಲಿ, ಈಗ ಹೆಚ್ಚಾಗಿ ಚಿರತೆಗೆ ಆ ಮಾತು. ‘ಇದೆ’ಗೆ ತುಳು ಉಂಡು, ಮಲಯಾಳ ಉಂಡ್. ಆದರೆ ಒಂದು ಗುಂಡಿ ಇದೆ, ಮೊದಲೇ ತೋರಿಸಿಬಿಡಿ: ಪೇರ್ ತುಳುವಿನಲ್ಲಿ ಹಾಲು, ಮಲಯಾಳದಲ್ಲಿ ಹೆಸರು. ‘ನಿನ್ನ ಪೇರ್ ಏನು’ ಅಂದರೆ ತುಳು ಮಗು ಮುಖ ಮುಖ ನೋಡುವುದು ದಡ್ಡತನದಿಂದಲ್ಲ.

ಕನ್ನಡದಿಂದ ದಾಟಲು ಮೂರು ಸೇತುವೆ ಮಕ್ಕಳೇ ಕಂಡುಹಿಡಿಯಲಿ. ಇಪ್ಪತ್ತು ಜೋಡಿ ಕಾರ್ಡ್ ಕೊಟ್ಟರೆ ಒಂದು ಪೀರಿಯಡ್ಡಿನಲ್ಲಿ ಕಂಡುಹಿಡಿಯುತ್ತಾರೆ. ಹಾಲು ಪಾಲ್, ಹಲ್ಲು ಪಲ್ಲ್: ಹಕಾರಕ್ಕೆ ಪಕಾರ. ಬಾಯಿ ವಾಯ, ಬಲೆ ವಲ, ಬಾಳೆ ವಾೞ: ಬಕಾರಕ್ಕೆ ವಕಾರ. ಕಿವಿ ಚೆವಿ, ಕೆರೆ ಚಿಱ: ಇ, ಎ ಮುಂದಿದ್ದಾಗ ಕಕಾರಕ್ಕೆ ಚಕಾರ. ನಿಯಮ ಸಿಕ್ಕ ಉಮೇದಿನಲ್ಲಿ ಹಿಮ ‘ಪಿಮಂ’ ಆಗುತ್ತದೆ, ಕೇಳು ‘ಚೇಳ್’ ಆಗುತ್ತದೆ. ಹಿಮದಂತೆ ಸಂಸ್ಕೃತದಿಂದ ಬಂದ ಶಬ್ದಕ್ಕೆ ಈ ಸೇತುವೆ ಇಲ್ಲ. ಕೇಳು ಸಂಸ್ಕೃತದ್ದಲ್ಲದಿದ್ದರೂ ಮಲಯಾಳದಲ್ಲಿ ಕೇಳ್ ಆಗಿಯೇ ಇರುತ್ತದೆ. ಇದನ್ನು ಮೊದಲೇ ಎಚ್ಚರಿಸುವುದಕ್ಕಿಂತ ತಪ್ಪು ಬಂದ ಮೇಲೆ ಹೇಳಿದರೆ ಗಟ್ಟಿ ನಿಲ್ಲುತ್ತದೆ.

ಲಿಪಿಯಲ್ಲಿ ಮೂರೂ ದಾರಿಗಳು ಒಂದೇ ಕಡೆ ಎಡವುತ್ತವೆ. ಮಲಯಾಳದಲ್ಲಿ ಎ, ಏ, ಐ ಗುರುತುಗಳು ಅಕ್ಷರದ ಎಡಕ್ಕೆ ಬರುತ್ತವೆ. ಕನ್ನಡದ ಕೈ ಮೊದಲು ಅಕ್ಷರ, ಆಮೇಲೆ ಗುರುತು ಹಾಕುತ್ತದೆ. ಗುರುತು ಮುಂದಿನ ಅಕ್ಷರಕ್ಕೆ ಅಂಟಿ ತೇಙ್ಙ (ತೆಂಗಿನಕಾಯಿ) ಹೋಗಿ ‘ತಙ್ಙೇ’ ಆಗುತ್ತದೆ. ವಿವರಣೆ ಉಪಯೋಗಕ್ಕೆ ಬರುವುದಿಲ್ಲ. ಗುರುತುಗಳನ್ನು ಬೇರೆ ಬಣ್ಣದ ರಟ್ಟಿನ ತುಂಡಿನಲ್ಲಿ ಕತ್ತರಿಸಿ ಜೋಡಿಸಲು ಕೊಡಿ, ವಾರದಲ್ಲಿ ಕೈ ಪಳಗುತ್ತದೆ.

ಹಾಗಾದರೆ ಆರಿಸಬೇಕಾದ್ದು ಯಾವುದು? ದಿನದ ಪೀರಿಯಡ್ಡಿಗೆ ಮೂರನೆಯದು, ಸಂಶಯವಿಲ್ಲ. ಅದರ ಮೊದಲ ಐದು ನಿಮಿಷವನ್ನು ವಾರಕ್ಕೆ ಎರಡು ದಿನ ಬರೀ ಮಲಯಾಳದ ಆಜ್ಞೆಗೆ ಬಿಟ್ಟುಕೊಡಬಹುದು. ಆದರೆ ಮೇಷ್ಟ್ರಿಗೇ ಕನ್ನಡ ಬಾರದಿದ್ದರೆ ಮೂರನೆಯದು ನಡೆಯುವುದಿಲ್ಲ. ಆಗ ಕನ್ನಡ ಓದಿಸಲು ಇನ್ನೊಬ್ಬರು ಬೇಕು, ಇಲ್ಲವೇ ಮೇಲಿನ ತರಗತಿಯ ಮಕ್ಕಳಿಂದ ಓದಿಸಬೇಕು.

ಇದೇ ಕಾರ್ಡುಗಳು ಕನ್ನಡ ಪೀರಿಯಡ್ಡಿಗೂ ಆಗುತ್ತವೆ, ತಿರುಗಿಸಿ ಹಿಡಿದರಾಯಿತು. ಮಲಯಾಳದಲ್ಲಿ ಅವನ್ ವನ್ನು, ಅವಳ್ ವನ್ನು, ಕ್ರಿಯಾಪದ ಬದಲಾಗುವುದಿಲ್ಲ. ಮನೆಯಲ್ಲಿ ಮಲಯಾಳಂ ಆಡುವ ಮಗು ಕನ್ನಡದಲ್ಲಿ ‘ಅವಳು ಬಂತು’ ಎಂದು ಬರೆದರೆ ಕೆಂಪು ಗೆರೆ ಹಾಕುವ ಬದಲು ಬಂದನು, ಬಂದಳು, ಬಂತು ಎಂಬ ಮೂರು ಕಾರ್ಡ್ ಮುಂದಿಟ್ಟು ಮಾವ, ಅತ್ತೆ, ಬಸ್ಸು ಯಾವುದರ ಪಕ್ಕಕ್ಕೆ ಎಂದು ಕೇಳಿ.